ಬೆದ್ದಲಿನ ಸತ್ವ ಎಲ್ಲಿಂದ ಬರುತ್ತಿತ್ತು?

ಡಿಸೆಂಬರ್ 5ರ ಮಣ್ಣಿನ ದಿನದ ಸಂಜೆ ಮಂಡ್ಯದಲ್ಲಿ ಬೆದ್ದಲು, ಅಂದರೆ ಮಳೆಯನ್ನೇ ನಂಬಿದ ಹೊಲದ ಬಗ್ಗೆ ಆಡಿದ ಮಾತು ಇದು. ಆಡಿದ್ದನ್ನು ಹಾಗೇ ಬರೆದರೆ ಓದುವುದು ಕಷ್ಟ, ಹಾಗಾಗಿ ಅಲ್ಲಲ್ಲಿ ತಿದ್ದಿದ್ದೇನೆ. ಕರೆಂಟು ಹೋಗಿ ಮೈಕು ನಿಂತಿದ್ದ ಹತ್ತು ನಿಮಿಷ ಏನು ಹೇಳಿದೆನೋ ನನಗೇ ನೆನಪಿಲ್ಲ. ಕೊನೆಯಲ್ಲಿ ಬಂದ ಪ್ರಶ್ನೆಗಳಲ್ಲಿ ಮೂರನ್ನು ಉಳಿಸಿಕೊಂಡಿದ್ದೇನೆ.

---

ಎಲ್ಲರಿಗೂ ನಮಸ್ಕಾರ. ಮಾತು ಶುರು ಮಾಡುವ ಮೊದಲು ಮೇಜಿನ ಮೇಲಿರುವ ಈ ಎರಡು ಗಾಜಿನ ಲೋಟ ನೋಡಿ. ಎರಡರಲ್ಲೂ ನೀರಿದೆ. ನನ್ನ ಕೈಯಲ್ಲಿ ಎರಡು ಒಣ ಹೆಂಟೆ ಇವೆ, ನೆಲ್ಲಿಕಾಯಿ ಗಾತ್ರದವು. ಎರಡೂ ನಾಗಮಂಗಲದ ಕಡೆಯ ಒಂದೇ ಹೊಲದವು. ಒಂದನ್ನು ರಾಗಿ ಕೊಯ್ದ ಹೊಲದ ನಡುವಿನಿಂದ ತಂದೆ. ಇನ್ನೊಂದು ಅದೇ ಹೊಲದ ತೆವರಿಯ, ಅಂದರೆ ಬದುವಿನ ಮೇಲೆ, ಹೊಂಗೆ ಮರದ ಬುಡದ್ದು. ನಡುವೆ ಇಪ್ಪತ್ತು ಹೆಜ್ಜೆ ಅಷ್ಟೆ. ಒಂದೇ ಕಲ್ಲು ಕರಗಿ ಆದ ಮಣ್ಣು, ಒಂದೇ ಮಳೆ, ಒಂದೇ ಬಿಸಿಲು. ಈಗ ಎರಡನ್ನೂ ನೀರಿಗೆ ಬಿಡುತ್ತೇನೆ.

ನೋಡಿ, ಹೊಲದ ಹೆಂಟೆ ಆಗಲೇ ಗುಳ್ಳೆ ಬಿಟ್ಟು ಉದುರುತ್ತಿದೆ. ಇನ್ನೆರಡು ನಿಮಿಷಕ್ಕೆ ತಳದಲ್ಲಿ ಬರೀ ಕೆಸರು. ತೆವರಿಯ ಹೆಂಟೆ ಹಾಗೇ ಕೂತಿದೆ. ನಾನು ಮನೆಗೆ ಹೋಗುವಾಗಲೂ ಅದು ಹಾಗೇ ಇರುತ್ತೆ, ಬೇಕಾದರೆ ಪಂಥ ಕಟ್ಟಿ.

ಲೋಟದಲ್ಲಿ ಆಗಿದ್ದೇ ಮೊದಲ ಜೋರು ಮಳೆಯಲ್ಲಿ ಹೊಲದಲ್ಲೂ ಆಗುತ್ತೆ. ಹನಿ ಬಿದ್ದ ಕೂಡಲೇ ಹೆಂಟೆ ಒಡೆದು, ನುಣ್ಣನೆಯ ಮಣ್ಣು ಸಂದುಗಳನ್ನೆಲ್ಲ ಮುಚ್ಚಿಬಿಡುತ್ತೆ. ಮಾರನೇ ದಿನ ಬಿಸಿಲು ಬಂದರೆ ನೆಲದ ಮೇಲೆ ಹಪ್ಪಳದ ಹಾಗೆ ಗಟ್ಟಿ ಪದರ. ರಾಗಿ ಮೊಳಕೆ ಅದನ್ನು ತಳ್ಳಿಕೊಂಡು ಮೇಲೆ ಬರಲಾರದು. ಮುಂದಿನ ಮಳೆ ಒಳಗೆ ಇಳಿಯಲಾರದು, ಹರಿದು ಹೋಗುತ್ತೆ. ‘ಮಳೆ ಸಾಲಲಿಲ್ಲ’ ಎಂದು ನಾವು ಎಷ್ಟೋ ಸಲ ಮಳೆಯನ್ನು ಬಯ್ಯುತ್ತೇವೆ. ನಮ್ಮ ಜಿಲ್ಲೆಗೆ ವರ್ಷಕ್ಕೆ ಹತ್ತಿರ ಹತ್ತಿರ 700 ಮಿಲಿಮೀಟರ್ ಮಳೆ. ಒಂದು ಎಕರೆ ಮೇಲೆ 1 ಮಿಲಿಮೀಟರ್ ಬಿದ್ದರೆ 4,000 ಲೀಟರ್ ನೀರು. ಅಂದರೆ ಎಕರೆಗೆ 28 ಲಕ್ಷ ಲೀಟರ್! ಅದರಲ್ಲಿ ಎಷ್ಟನ್ನು ಮಣ್ಣು ಕುಡಿಯಿತು ಎನ್ನುವುದು ಬೇರೆ ಮಾತು.

ತೆವರಿಯ ಹೆಂಟೆಯನ್ನು ಹಿಡಿದಿರುವುದು ಕೊಳೆತ ಎಲೆ, ಸತ್ತ ಬೇರು, ಬೂಷ್ಟಿನ ಎಳೆ, ಹುಳುಹುಪ್ಪಟೆಗಳ ಹಿಕ್ಕೆ. ಇವೆಲ್ಲ ಸೇರಿದ ಒಂದು ಅಂಟು. ಪ್ರಯೋಗಾಲಯದ ಭಾಷೆಯಲ್ಲಿ ಇದನ್ನು ಸಾವಯವ ಇಂಗಾಲ ಎಂದು ಅಳೆಯುತ್ತೇವೆ. ನೂರಕ್ಕೆ 0.5ಕ್ಕಿಂತ ಕೆಳಗಿದ್ದರೆ ‘ಕಡಿಮೆ’, 0.75ಕ್ಕಿಂತ ಮೇಲಿದ್ದರೆ ‘ಹೆಚ್ಚು’, ನಡುವೆ ಇದ್ದರೆ ‘ಮಧ್ಯಮ’ ಎಂದು ರೈತರಿಗೆ ಕೊಡುವ ಮಣ್ಣು ಪರೀಕ್ಷೆಯ ಕಾರ್ಡಿನಲ್ಲಿ ಬರೆಯುತ್ತೇವೆ. ನಾನು ಮಣ್ಣು ಪರೀಕ್ಷೆಯ ಕೆಲಸದಲ್ಲೇ ತಲೆ ನೆರೆಸಿಕೊಂಡವನು. ಬೆದ್ದಲು ಹೊಲದಿಂದ ಬಂದ ಚೀಲಗಳಿಗೆ ‘ಕಡಿಮೆ’ ಎಂದು ಬರೆದು ಬರೆದು ಕೈ ರೂಢಿಯಾಗಿಬಿಟ್ಟಿತ್ತು.

ಇಲ್ಲಿ ಒಂದು ತಮಾಷೆ ಹೇಳಬೇಕು. ಪರೀಕ್ಷೆಗೆ ಮಣ್ಣು ತರುವಾಗ ಮರದ ಕೆಳಗಿನದು ಬೇಡ, ತೆವರಿ ಪಕ್ಕದ್ದು ಬೇಡ, ತಿಪ್ಪೆ ಇದ್ದ ಜಾಗದ್ದು ಬೇಡ ಎಂದು ನಾನೇ ಸಾವಿರ ಸಲ ಹೇಳಿದ್ದೇನೆ. ಸರಿಯಾದ ಮಾತೇ, ಇಲ್ಲದಿದ್ದರೆ ಲೆಕ್ಕ ಕೆಡುತ್ತೆ. ಆದರೆ ನಮ್ಮ ಕೆಂಪು ಮಣ್ಣು ಹೇಗಿರಬಲ್ಲದು ಎಂದು ನೋಡಬೇಕಾದರೆ ಆ ಮೂರೇ ಜಾಗಕ್ಕೆ ಹೋಗಬೇಕು. ನಿವೃತ್ತನಾದ ಮೇಲೆ ನನಗೆ ಇದು ಹೊಳೆದದ್ದು!

ಇವತ್ತು ನಾನು ಹೇಳಬೇಕೆಂದಿರುವುದು ಒಂದೇ ಸಂಗತಿ. ಬೆದ್ದಲು ಹೊಲ ಯಾವತ್ತೂ ತನ್ನ ಸತ್ವದಲ್ಲೇ ಬದುಕಿದ್ದಲ್ಲ. ಅದರ ಸತ್ವ ಹೊರಗಿನಿಂದ ಬರುತ್ತಿತ್ತು. ಗೋಮಾಳದಿಂದ, ಕೆರೆಯಿಂದ, ತೆವರಿ ಮರಗಳಿಂದ, ದಾರಿಯಲ್ಲಿ ಹೋಗುವ ಕುರಿ ಮಂದೆಯಿಂದ. ನಾವು ಹೊಲವನ್ನು ಮಾತ್ರ ಉಳಿಸಿಕೊಂಡು ಸುತ್ತಲಿನದನ್ನೆಲ್ಲ ಬದಲಾಯಿಸಿಬಿಟ್ಟೆವು. ಆಮೇಲೆ ಹೊಲವನ್ನು ನೋಡಿ ‘ಯಾಕೋ ಕಸುವು ಹೋಯ್ತು’ ಎನ್ನುತ್ತಿದ್ದೇವೆ.

ಒಂದು ನಾಟಿ ಹಸುವಿನ ದಿನ ನೋಡೋಣ. ಬೆಳಿಗ್ಗೆ ಗೋಮಾಳಕ್ಕೆ ಹೋಗುತ್ತೆ. ಅಲ್ಲಿನ ಹುಲ್ಲು, ಸೊಪ್ಪು ತಿನ್ನುತ್ತೆ. ಸಂಜೆ ಕೊಟ್ಟಿಗೆಗೆ ಬಂದು ರಾತ್ರಿಯೆಲ್ಲ ಸಗಣಿ, ಗಂಜಲ ಹಾಕುತ್ತೆ. ಬೆಳಿಗ್ಗೆ ಅದು ತಿಪ್ಪೆಗೆ. ಬೇಸಿಗೆಯಲ್ಲಿ ತಿಪ್ಪೆಯಿಂದ ಗಾಡಿಯಲ್ಲಿ ಹೊಲಕ್ಕೆ. ಅಂದರೆ ಆ ಹಸು ಹಾಲು ಕೊಡುವ ಪ್ರಾಣಿ ಮಾತ್ರ ಆಗಿರಲಿಲ್ಲ, ನೂರಾರು ಎಕರೆಯ ಸತ್ವವನ್ನು ಬಾಯಲ್ಲಿ ಹೆಕ್ಕಿಕೊಂಡು ಬಂದು ನಮ್ಮ ನಾಲ್ಕು ಎಕರೆಗೆ ಸುರಿಯುವ ಕೂಲಿಯಾಳು. ದಿನಕ್ಕೆ ಸುಮಾರು 10 ಕೆಜಿ ಹಸಿ ಸಗಣಿ ಅಂದುಕೊಳ್ಳಿ. ಅರ್ಧ ಬಯಲಲ್ಲೇ ಬಿತ್ತು, ಉಳಿದದ್ದು ಒಣಗಿ ಕೊಳೆತು ಇಳಿಯಿತು. ವರ್ಷಕ್ಕೆ ಒಂದು ಟನ್ ಗೊಬ್ಬರ ಕೈಗೆ ಸಿಕ್ಕರೆ ಪುಣ್ಯ. ಮಳೆ ಆಶ್ರಯದ ರಾಗಿಗೆ ಎಕರೆಗೆ 3 ಟನ್ ಕೊಟ್ಟಿಗೆ ಗೊಬ್ಬರ ಕೊಡಿ ಎನ್ನುತ್ತದೆ ಶಿಫಾರಸು. ಈಗ ನಿಮ್ಮ ಮನೆಯ ದನ ಎಣಿಸಿಕೊಳ್ಳಿ.

ಗಂಜಲದ ವಿಷಯ ಇನ್ನೂ ಇದೆ. ದನ ಹೊರಹಾಕುವ ಸಾರಜನಕದಲ್ಲಿ ದೊಡ್ಡ ಪಾಲು ಇರುವುದು ಗಂಜಲದಲ್ಲೇ. ನಮ್ಮಜ್ಜಿ ಕೊಟ್ಟಿಗೆಯಲ್ಲಿ ದನದ ಕಾಲಡಿ ಒಣ ಮಣ್ಣು, ತರಗೆಲೆ ಹರಡುತ್ತಿದ್ದರು. ಹದಿನೈದು ದಿನಕ್ಕೊಮ್ಮೆ ಅದನ್ನು ಕೆರೆದು ತಿಪ್ಪೆಗೆ ಹಾಕುವುದು. ಅಜ್ಜಿಗೆ ಸಾರಜನಕ ಗೊತ್ತಿರಲಿಲ್ಲ, ವಾಸನೆ ಗೊತ್ತಿತ್ತು. ಮೂಗಿಗೆ ಹೊಡೆಯುವ ಆ ಘಾಟು ಏನು? ಹೊಲಕ್ಕೆ ಹೋಗಬೇಕಾದ ಸಾರಜನಕ ಅಮೋನಿಯಾ ಆಗಿ ಗಾಳಿಗೆ ಹೋಗುತ್ತಿರುವುದು. ಈಗ ಕೊಟ್ಟಿಗೆಗೆ ಸಿಮೆಂಟು ಹಾಕಿದ್ದೇವೆ, ಪೈಪಿನ ನೀರು ಬಿಟ್ಟು ತೊಳೆಯುತ್ತೇವೆ, ಅದು ಚರಂಡಿಗೆ ಹೋಗುತ್ತೆ. ಚೊಕ್ಕಟ ನಿಜ. ಚರಂಡಿ ಪಕ್ಕದ ಹುಲ್ಲು ಮಾತ್ರ ಸೊಂಪಾಗಿದೆ.

ನಮ್ಮ ಮಣ್ಣಿಗೆ ಇದೆಲ್ಲ ಯಾಕೆ ಇಷ್ಟು ಬೇಕು? ಕರಿ ಮಣ್ಣಿನ ಸೀಮೆಯವರು ಇಷ್ಟು ಒದ್ದಾಡುವುದಿಲ್ಲ. ಅವರದು ಕಣಜ, ನಮ್ಮದು ಜರಡಿ. ಹಳೇ ಕಲ್ಲು ಸವೆದು ಆದ ಕೆಂಪು ಮಣ್ಣು, ಮರಳು ಜಾಸ್ತಿ. ಇರುವ ಸ್ವಲ್ಪ ಜೇಡಿಗೂ ಪೋಷಕಾಂಶ ಹಿಡಿದಿಟ್ಟುಕೊಳ್ಳುವ ತಾಕತ್ತು ಕಡಿಮೆ. ಹಾಗಾಗಿ ಹಿಡಿದಿಡುವ ಕೆಲಸವೆಲ್ಲ ಆ ಕೊಳೆತ ಅಂಟಿನ ಮೇಲೇ ಬೀಳುತ್ತದೆ. ಆ ಅಂಟೋ, ನಮ್ಮ ಹವೆಯಲ್ಲಿ ನಿಲ್ಲುವುದೇ ಇಲ್ಲ. ಚಳಿ ದೇಶದಲ್ಲಿ ಆರು ತಿಂಗಳು ನೆಲದೊಳಗಿನ ಜೀವಿಗಳು ಮಲಗಿರುತ್ತವೆ. ಇಲ್ಲಿ ತೇವ ಇದ್ದರೆ ಸಾಕು, ವರ್ಷವಿಡೀ ತಿನ್ನುತ್ತಲೇ ಇರುತ್ತವೆ. ಬಿಸಿ 10 ಡಿಗ್ರಿ ಏರಿದರೆ ಅವುಗಳ ಹಸಿವು ಹೆಚ್ಚೂಕಮ್ಮಿ ಎರಡರಷ್ಟು. ಪದೇ ಪದೇ ಉತ್ತರೆ ಇನ್ನೂ ಜಾಸ್ತಿ, ಒಲೆ ಊದಿದ ಹಾಗೆ. ರೋಟವೇಟರ್ ಹೊಡೆದ ಹೊಲ ನೋಡಲಿಕ್ಕೆ ಹಿಟ್ಟು ಜರಡಿ ಹಿಡಿದ ಹಾಗೆ ಚೆಂದ. ಮೊದಲ ಮಳೆಗೆ ಅದರ ಗತಿ ಏನು ಎನ್ನುವುದನ್ನು ಲೋಟದಲ್ಲಿ ನೋಡಿದಿರಲ್ಲ.

ಇನ್ನೊಂದು ಸೋರಿಕೆ ನೀರಿನದು. ಒಂದು ಎಕರೆಯಿಂದ 1 ಮಿಲಿಮೀಟರ್ ಮಣ್ಣು ಕೊಚ್ಚಿಹೋದರೆ ಕಣ್ಣಿಗೆ ಕಾಣುವುದೇ ಇಲ್ಲ. ಹೋದದ್ದು 5-6 ಟನ್, ಎರಡು ಟ್ರಾಕ್ಟರ್ ಲೋಡು. ನಾಲ್ಕು ಕಾಸಿಗೂ ಬಾರದ ಗರಸು ಹೋದರೆ ಹೋಗಲಿ, ಆದರೆ ನೀರು ಹಾಗೆ ಮಾಡುವುದಿಲ್ಲ. ಹಗುರಾದದ್ದನ್ನು ಮೊದಲು ಎತ್ತುತ್ತೆ. ಕೊಳೆತ ಗೊಬ್ಬರ, ನುಣ್ಣನೆಯ ಜೇಡಿ, ಅದಕ್ಕೆ ಅಂಟಿಕೊಂಡ ರಂಜಕ. ಉಳಿದುಕೊಳ್ಳುವುದು ನೊರಜು ಕಲ್ಲು. ಹೊಲದಲ್ಲಿ ವರ್ಷ ವರ್ಷ ಕಲ್ಲು ‘ಹುಟ್ಟುತ್ತವೆ’ ಎಂದು ಹೇಳುತ್ತೀರಲ್ಲ, ಅವು ಹುಟ್ಟುತ್ತಿಲ್ಲ. ಮಣ್ಣು ಹೋಗಿ ಅವು ಬತ್ತಲೆಯಾಗುತ್ತಿವೆ.

ಹೋದದ್ದು ಎಲ್ಲಿಗೆ? ಕೆರೆಗೆ. ಹಿಂದಿನವರು ಬೇಸಿಗೆಯಲ್ಲಿ ಕೆರೆ ಒಣಗಿದ ಮೇಲೆ ಗೋಡು, ಅಂದರೆ ಕೆರೆಯ ಹೂಳು ಮಣ್ಣು, ಹೊಲಕ್ಕೆ ಹೊಡೆಯುತ್ತಿದ್ದದ್ದು ಈ ಕಾರಣಕ್ಕೇ. ಅದು ಅವರದೇ ಹೊಲದ ಕೆನೆ. ಊರಿನವರೆಲ್ಲ ಗಾಡಿ ಕಟ್ಟಿಕೊಂಡು ಹೋಗುತ್ತಿದ್ದರು. ಕೆರೆಯೂ ಆಳ ಉಳಿಯುತ್ತಿತ್ತು, ಹೊಲಕ್ಕೂ ಕೆನೆ ವಾಪಸ್ಸು. ಬರೀ ಕೆರೆ ಉಳಿಸುವುದು ಎಂದು ಯಾರೂ ಹೊರಟಿರಲಿಲ್ಲ, ಅವರಿಗೆ ಗೊಬ್ಬರ ಬೇಕಿತ್ತು ಅಷ್ಟೆ. ಗೋಡು ಬೇಡವಾದ ದಿನವೇ ಕೆರೆಯೂ ತುಂಬಲು ಶುರುವಾಯಿತು. ಕೆರೆ ಹೂಳಿನ ಬಗ್ಗೆ ಮಾತಾಡುವವರು ಈ ಗಂಟನ್ನು ಯಾಕೋ ಬಿಟ್ಟುಬಿಡುತ್ತಾರೆ.

ಈಗ ಜಮೀನಿನ ಬಳಕೆ ಹೇಗೆ ಬದಲಾಯಿತು ನೋಡೋಣ. ಪಹಣಿಯಲ್ಲಿ ಖುಷ್ಕಿ (ಬೆದ್ದಲು), ತರಿ (ಗದ್ದೆ), ಬಾಗಾಯ್ತು (ತೋಟ) ಎಂದು ಮೂರು ಬಗೆ ಬರೆದಿರುತ್ತೆ. ಒಂದೊಂದು ಸರ್ವೆ ನಂಬರಿಗೆ ಒಂದೊಂದು ಹಣೆಬರಹ. ಕಾಗದದಲ್ಲಿ ಖುಷ್ಕಿ ಬೇರೆ, ಗೋಮಾಳ ಬೇರೆ. ಮಣ್ಣಿನ ಲೆಕ್ಕದಲ್ಲಿ ಅವೆರಡೂ ಒಂದೇ ಸಂಸಾರ.

ಗೋಮಾಳಕ್ಕೆ ಕಾನೂನಿನಲ್ಲಿ ಒಂದು ಅಳತೆ ಇದೆ. ನೂರು ದನಕ್ಕೆ 12 ಹೆಕ್ಟೇರ್, ಅಂದರೆ ಸುಮಾರು 30 ಎಕರೆ. ಕೇಳಲು ನ್ಯಾಯವಾಗಿದೆ. ಆದರೆ ಇದರಲ್ಲೊಂದು ಸುಳಿ ಇದೆ. ಊರಲ್ಲಿ ದನ ಕಡಿಮೆಯಾದರೆ ಗೋಮಾಳ ‘ಹೆಚ್ಚುವರಿ’ ಆಗುತ್ತೆ. ಹೆಚ್ಚುವರಿ ಆದದ್ದನ್ನು ಮಂಜೂರು ಮಾಡಬಹುದು. ಮಂಜೂರಾದ ಮೇಲೆ ಮೇವು ಕಡಿಮೆ, ಮೇವು ಕಡಿಮೆಯಾದರೆ ದನ ಇನ್ನೂ ಕಡಿಮೆ, ಆಗ ಇನ್ನಷ್ಟು ಗೋಮಾಳ ಹೆಚ್ಚುವರಿ! ಬಗರ್ ಹುಕುಂ, ಅಂದರೆ ಮಂಜೂರಾತಿ ಇಲ್ಲದೆ ಸರ್ಕಾರಿ ಜಮೀನಿನಲ್ಲಿ ಸಾಗುವಳಿ ಮಾಡಿದ ಬಡವರನ್ನು ನಾನು ದೂರುತ್ತಿಲ್ಲ. ಅಂಗೈಯಗಲ ನೆಲ ಇಲ್ಲದವನು ಉಳದೆ ಏನು ಮಾಡಿಯಾನು? ದೊಡ್ಡ ದೊಡ್ಡ ತುಂಡು ಹೋದದ್ದು ಬೇರೆಯವರಿಗೇ, ಅದು ನಿಮಗೂ ಗೊತ್ತು. ನಾನು ಹೇಳುವುದು ಇಷ್ಟೇ, ಗೋಮಾಳ ಒಂದು ಎಕರೆ ಹೋದರೆ ಅದರ ಪೆಟ್ಟು ಪಕ್ಕದ ರಾಗಿ ಹೊಲಕ್ಕೆ ಬೀಳುತ್ತೆ, ಹತ್ತು ವರ್ಷ ತಡವಾಗಿ ಬೀಳುತ್ತೆ, ಹಾಗಾಗಿ ಯಾರೂ ಎರಡನ್ನೂ ಕೂಡಿಸಿ ನೋಡುವುದಿಲ್ಲ.

ಇನ್ನೊಂದು ಬದಲಾವಣೆ ನಮ್ಮ ಜಿಲ್ಲೆಯದ್ದೇ. ಕನ್ನಂಬಾಡಿ ಕಟ್ಟೆಯ, ಅಂದರೆ ಕೆಆರ್‌ಎಸ್ ಅಣೆಕಟ್ಟಿನ ಕೆಲಸ 1911ರಲ್ಲಿ ಶುರುವಾಯಿತು. 1930ರ ದಶಕದಲ್ಲಿ ನಾಲೆ ನೀರು ಬಂತು. ಆಗ ಇರ್ವಿನ್ ನಾಲೆ, ಈಗ ವಿಶ್ವೇಶ್ವರಯ್ಯ ನಾಲೆ. 1933ರಲ್ಲಿ ಸಕ್ಕರೆ ಕಂಪನಿ. ಮಂಡ್ಯದ ಚಹರೆಯೇ ಬದಲಾಯಿತು, ಒಳ್ಳೆಯದೇ ಆಯಿತು. ನಾಲೆ ನೀರು ಕುಡಿದು ಬೆಳೆದ ಊಟವನ್ನೇ ನಾವೆಲ್ಲ ಉಂಡಿರುವುದು, ಉಂಡ ಮನೆಯ ಜಂತೆ ಎಣಿಸಬಾರದು. ಆದರೆ ನೀರು ಬಂದ ಕಡೆಗೆ ಗೊಬ್ಬರವೂ ಹೋಯಿತು. ಮನೆಯಲ್ಲಿ ಒಂದು ಎಕರೆ ಗದ್ದೆ, ಮೂರು ಎಕರೆ ಬೆದ್ದಲು ಇದ್ದವನು ತಿಪ್ಪೆಯನ್ನು ಎಲ್ಲಿಗೆ ಹೊಡೆಯುತ್ತಾನೆ? ಕಬ್ಬಿಗೆ, ಇಲ್ಲವೇ ತೆಂಗಿಗೆ. ನಾಲೆಯೇ ಇಲ್ಲದ ಊರಿನಲ್ಲಿ ಕೊಳವೆಬಾವಿ ಆ ಕೆಲಸ ಮಾಡಿತು. ರಾಗಿ ಹುಲ್ಲು ತಿಂದ ದನದ ಸಗಣಿ ಅಡಿಕೆ ಗಿಡದ ಬುಡಕ್ಕೆ. ಇನ್ನು ನಮ್ಮ ಕಡೆಯ ಗೊಬ್ಬರ ಲಾರಿ ಹತ್ತಿ ಕೊಡಗಿನ ಕಾಫಿ ತೋಟಕ್ಕೆ, ಎಚ್.ಡಿ. ಕೋಟೆ, ಹುಣಸೂರು ಕಡೆಯ ಶುಂಠಿ ಹೊಲಕ್ಕೆ ಹೋಗುವುದನ್ನು ನೀವೇ ನೋಡಿದ್ದೀರಿ. ಒಂದು ಲೋಡಿಗೆ ಬರುವ ದುಡ್ಡು ಆ ಹೊತ್ತಿಗೆ ಬೇಕಿರುತ್ತೆ. ಮಗಳ ಕಾಲೇಜು ಫೀಸು ಕಟ್ಟಲು ಗೊಬ್ಬರ ಮಾರಿದೆ ಎಂದವರಿಗೆ ನಾನು ಇಂಗಾಲದ ಪಾಠ ಹೇಳಲಾರೆ.

ಎತ್ತಿನ ಜಾಗಕ್ಕೆ ಟ್ರಾಕ್ಟರ್ ಬಂತು, ಅದು ಬರಲೇಬೇಕಿತ್ತು. ಇಟ್ಟಿಗೆ ಗೂಡಿಗೆ ಮೇಲ್ಮಣ್ಣು ಹೋಯಿತು. ಗೋಮಾಳದಲ್ಲಿ, ದೂರದ ಹೊಲಗಳಲ್ಲಿ ನೀಲಗಿರಿ ಬಂತು. ಕುರಿಯವರು ಬರುವ ದಾರಿಗಳಿಗೆ ತಂತಿ ಬೇಲಿ ಬಿದ್ದವು. ಬಂಡೂರು ಕುರಿಯ ಹೆಸರು ಮಳವಳ್ಳಿಯ ಬಂಡೂರಿನಿಂದ ಬಂದದ್ದು, ಅದರ ಮಾಂಸದ ರುಚಿಯ ಬಗ್ಗೆ ಎಲ್ಲರೂ ಮಾತಾಡುತ್ತಾರೆ. ಹೊಲದಲ್ಲಿ ನಾಲ್ಕು ರಾತ್ರಿ ಮಂದೆ ನಿಲ್ಲಿಸಿದರೆ ಮುಂದಿನ ರಾಗಿ ಹೇಗಿರುತ್ತೆ ಎನ್ನುವುದನ್ನು ಈಗ ವಯಸ್ಸಾದವರು ಮಾತ್ರ ಹೇಳುತ್ತಾರೆ. ಹಿಕ್ಕೆಯೂ ಅಲ್ಲೇ, ಗಂಜಲವೂ ಅಲ್ಲೇ ನೆಲಕ್ಕೆ ಇಳಿಯುತ್ತೆ, ಸಾಗಿಸುವ ಖರ್ಚೂ ಇಲ್ಲ.

ಇಷ್ಟೆಲ್ಲ ಹೋದ ಜಾಗಕ್ಕೆ ಬಂದದ್ದು ಯೂರಿಯಾ ಮೂಟೆ. ಇಲ್ಲಿ ನನ್ನದೇ ಒಂದು ತಪ್ಪು ಹೇಳಿಬಿಡುತ್ತೇನೆ. ಓದು ಮುಗಿಸಿ ಊರಿಗೆ ಹೋದ ಹೊಸತು. ಅಪ್ಪ ಬೇಸಿಗೆಯಲ್ಲಿ ಇಪ್ಪತ್ತು ಗಾಡಿ ಗೊಬ್ಬರ ಹೊಡೆಯುತ್ತಾ ಬೆವರು ಸುರಿಸುತ್ತಿದ್ದರು. ನಾನು ಕಾಗದ ಪೆನ್ನು ತಗೊಂಡು ಲೆಕ್ಕ ಹಾಕಿ ತೋರಿಸಿದೆ. ಕೊಟ್ಟಿಗೆ ಗೊಬ್ಬರದಲ್ಲಿ ಸಾರಜನಕ ನೂರಕ್ಕೆ ಅರ್ಧ. ಒಂದು ಟನ್ನಿಗೆ 5 ಕೆಜಿ. ನಾಲ್ಕು ಟನ್ನಿಗೆ 20 ಕೆಜಿ. ಯೂರಿಯಾದಲ್ಲಿ ನೂರಕ್ಕೆ 46. ಈಗಿನ 45 ಕೆಜಿ ಮೂಟೆ ಹಿಡಿದರೆ ಹತ್ತಿರ ಹತ್ತಿರ 21 ಕೆಜಿ. ‘ಅಪ್ಪ, ನೀನು ತಿಂಗಳುಗಟ್ಟಲೆ ಹೊರುವುದು ಒಂದು ಮೂಟೆಯಲ್ಲಿದೆ’ ಎಂದೆ. ಲೆಕ್ಕ ಸರಿಯಾಗಿಯೇ ಇತ್ತು. ಅಪ್ಪ ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಮೂಟೆ ತಂದ್ರೆ ಆಯ್ತದೆ ಕಣ್ಲಾ. ಆದ್ರೆ ಇಷ್ಟೇ ಇಷ್ಟು ಹಾಕಿದ್ರೆ ನೆಲಕ್ಕೆ ಹೊಟ್ಟೆ ತುಂಬ್ತದಾ?’ ಎಂದರು. ನಾನು ನಕ್ಕೆ.

ಮೂರು ನಾಲ್ಕು ವರ್ಷ ನಾನೇ ಗೆದ್ದೆ. ಪೈರು ಕಪ್ಪಗೆ ಬಂತು, ಊರವರು ಬಂದು ನೋಡಿದರು. ಯಾಕೆ ಅಂದರೆ ಅಪ್ಪ, ಅಜ್ಜ ಹಾಕಿದ್ದ ಗೊಬ್ಬರ ಇನ್ನೂ ನೆಲದಲ್ಲಿತ್ತು. ಯೂರಿಯಾ ಕೊಟ್ಟದ್ದು ಸಾರಜನಕ ಒಂದೇ. ರಂಜಕ, ಪೊಟ್ಯಾಷ್, ಗಂಧಕ, ಸತು, ಬೋರಾನ್ ಎಲ್ಲವನ್ನೂ ಪೈರು ಹಳೇ ಗಂಟಿನಿಂದ ತೆಗೆದುಕೊಂಡಿತು. ಪೈರು ಜೋರಾಗಿ ಬೆಳೆದಷ್ಟೂ ಜೋರಾಗಿ ತೆಗೆಯಿತು. ಆಮೇಲೆ ಗಂಟು ಕರಗಿತು. ಮಳೆ ಒಂದು ವಾರ ತಪ್ಪಿದರೆ ನಮ್ಮ ಹೊಲ ಮೊದಲು ಬಾಡಲು ಶುರುವಾಯಿತು, ಪಕ್ಕದವರದು ಆಮೇಲೆ. ಮೇಲಿಂದ ಮೇಲೆ ಬರೀ ಯೂರಿಯಾ ಬಿದ್ದರೆ ಇಂಥ ಮಣ್ಣು ಹುಳಿಯಾಗುತ್ತಾ ಹೋಗುತ್ತೆ. ಅಟ್ಟದ ಮೇಲಿಂದ ಬಿದ್ದವನಿಗೆ ದಡಿಗೆ ತಗೊಂಡು ಹೇರಿದ ಹಾಗೆ.

ಇದು ನಮ್ಮ ಮನೆಯ ಕಥೆ ಮಾತ್ರ ಅಲ್ಲ. ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯದ ಜಿಕೆವಿಕೆ ಆವರಣದ ಕೆಂಪು ಮಣ್ಣಿನಲ್ಲಿ ದಶಕಗಳಿಂದ ಅವವೇ ತಾಕುಗಳಲ್ಲಿ ರಾಗಿ ಬೆಳೆಯುತ್ತಾ ಬಂದಿದ್ದಾರೆ. ಒಂದು ತಾಕಿಗೆ ಏನೂ ಇಲ್ಲ, ಒಂದಕ್ಕೆ ರಾಸಾಯನಿಕ ಗೊಬ್ಬರ ಮಾತ್ರ, ಒಂದಕ್ಕೆ ಕೊಟ್ಟಿಗೆ ಗೊಬ್ಬರ, ಇನ್ನೊಂದಕ್ಕೆ ಎರಡೂ. ಇಷ್ಟು ವರ್ಷ ಇಳುವರಿ ಕಾಯ್ದುಕೊಂಡದ್ದು ಎರಡೂ ಬಿದ್ದ ತಾಕು. ನಾನು ಈ ಮಾತು ಹೇಳಿದಾಗ ಸಾವಯವದವರಿಗೂ ಸಿಟ್ಟು, ಗೊಬ್ಬರದ ಅಂಗಡಿಯವರಿಗೂ ಸಿಟ್ಟು. ಏನು ಮಾಡೋಣ, ಮಣ್ಣು ಯಾರ ಪಕ್ಷವನ್ನೂ ಸೇರಿಲ್ಲ.

ಗಂಧಕದ ಕಥೆ ಸ್ವಲ್ಪ ಕೇಳಿ, ನನಗೆ ಇದು ಬಹಳ ಇಷ್ಟ. 2009ರಲ್ಲಿ ರಾಜ್ಯದಲ್ಲಿ ಭೂಚೇತನ ಎನ್ನುವ ಕಾರ್ಯಕ್ರಮ ಶುರುವಾಯಿತು, ಹೈದರಾಬಾದಿನ ಹತ್ತಿರದ ಇಕ್ರಿಸ್ಯಾಟ್ ಎನ್ನುವ ಅಂತರರಾಷ್ಟ್ರೀಯ ಬೆಳೆ ಸಂಶೋಧನಾ ಸಂಸ್ಥೆ ಜೊತೆಗಿತ್ತು. ಬೆದ್ದಲು ಹೊಲಗಳ ಮಣ್ಣನ್ನು ದೊಡ್ಡ ಪ್ರಮಾಣದಲ್ಲಿ ಪರೀಕ್ಷೆ ಮಾಡಿದರು. ಗಂಧಕ, ಸತು, ಬೋರಾನ್ ಮೂರೂ ಎಷ್ಟೋ ಕಡೆ ಕಡಿಮೆ ಎಂದು ಗೊತ್ತಾಯಿತು. ಆಮೇಲೆ ಜಿಪ್ಸಂ, ಸತುವಿನ ಸಲ್ಫೇಟ್, ಬೋರಾಕ್ಸ್ ಕೊಡಲು ಶುರು ಮಾಡಿದರು. ಗಂಧಕ ಯಾಕೆ ಕಡಿಮೆಯಾಯಿತು? ಹಿಂದೆ ನಾವು ರಂಜಕಕ್ಕೆ ಸೂಪರ್ ಫಾಸ್ಫೇಟ್ ಹಾಕುತ್ತಿದ್ದೆವು. ಅದರಲ್ಲಿ ನೂರಕ್ಕೆ 11ರಷ್ಟು ಗಂಧಕ ಪುಕ್ಕಟೆ ಬರುತ್ತಿತ್ತು. ಆಮೇಲೆ ಡಿಎಪಿ ಬಂತು, 18 ಸಾರಜನಕ, 46 ರಂಜಕ, ಭಾರಿ ಗೊಬ್ಬರ. ಗಂಧಕ ಸೊನ್ನೆ. ತಿಪ್ಪೆ ಗೊಬ್ಬರವೂ ನಿಂತಿತ್ತು. ಹೀಗೆ ಯಾರೂ ತೆಗೆಯಲು ಹೇಳದ ಒಂದು ಪೋಷಕಾಂಶ ಸದ್ದಿಲ್ಲದೆ ಊಟದ ಎಲೆಯಿಂದ ಹೋಯಿತು. ಹುಚ್ಚೆಳ್ಳು, ಕಡಲೆಕಾಯಿ, ಸಾಸಿವೆ ಇಂಥ ಎಣ್ಣೆಕಾಳಿಗೆ ಗಂಧಕ ಇಲ್ಲದೆ ನಡೆಯುವುದೇ ಇಲ್ಲ.

ಅಕ್ಕಡಿ ಸಾಲಿನ ಬಗ್ಗೆ ಎಲ್ಲರೂ ಹೊಗಳುತ್ತಾರೆ, ನಾನೂ ಹೊಗಳುತ್ತೇನೆ. ರಾಗಿ ಮಧ್ಯೆ ಅವರೆ, ತೊಗರಿ, ಅಲಸಂದೆ. ಮಳೆ ಒಂದಕ್ಕೆ ಕೈಕೊಟ್ಟರೆ ಇನ್ನೊಂದು ಬರುತ್ತೆ, ನೆಲ ಬೇಗ ಮುಚ್ಚುತ್ತೆ, ಬೇರೆ ಬೇರೆ ಆಳಕ್ಕೆ ಬೇರು ಇಳಿಯುತ್ತೆ. ಆದರೆ ‘ದ್ವಿದಳ ಧಾನ್ಯ ಹಾಕಿದೆ, ಸಾರಜನಕ ಬಂದುಬಿಡ್ತು’ ಎನ್ನುವುದು ಅರ್ಧ ಸತ್ಯ. ಗಿಡ ಗಾಳಿಯಿಂದ ಹಿಡಿದ ಸಾರಜನಕದಲ್ಲಿ ಬಹಳಷ್ಟು ಕಾಳಿನಲ್ಲೇ ಕೂತಿರುತ್ತೆ, ಅದು ನಮ್ಮ ಸಾರಿಗೆ ಹೋಯಿತು. ಹುರುಳಿಯನ್ನಂತೂ ನಾವು ಬೇರು ಸಮೇತ ಕಿತ್ತು ಕಣಕ್ಕೆ ಒಯ್ಯುತ್ತೇವೆ. ಹೊಟ್ಟು ದನಕ್ಕೆ. ಆ ದನದ ಸಗಣಿ ಅದೇ ಹೊಲಕ್ಕೆ ಬಂದರೆ ಸರಿ. ಬರದಿದ್ದರೆ ಹುರುಳಿ ನೆಲಕ್ಕೆ ಕೊಟ್ಟದ್ದು ತೀರಾ ಕಡಿಮೆ. ಕೊಯ್ಯಲು ಆಗುವ ಕಡೆ ಕುಡುಗೋಲಲ್ಲಿ ಕೊಯ್ದು ಬೇರು ನೆಲದಲ್ಲೇ ಬಿಟ್ಟರೆ ಅಷ್ಟಾದರೂ ಉಳಿಯುತ್ತೆ.

ಈ ಸಂಗತಿ ನಮ್ಮ ಸೀಮೆಗೆ ಮಾತ್ರ ಸೇರಿದ್ದಲ್ಲ. ಆಫ್ರಿಕಾದಲ್ಲಿ ಸಹಾರಾ ಮರಳುಗಾಡಿನ ಕೆಳಗೆ ಸಾಹೇಲ್ ಎನ್ನುವ ಒಣ ಸೀಮೆ ಇದೆ. ಅಲ್ಲೂ ಸಜ್ಜೆ, ಜೋಳ ಬೆಳೆಯುವ ರೈತರು, ದನ ಕುರಿ ಮೇಯಿಸುವ ಅಲೆಮಾರಿಗಳು. ಕೊಯ್ಲಾದ ಮೇಲೆ ಅಲೆಮಾರಿಗಳು ರೈತನ ಹೊಲದಲ್ಲಿ ಮಂದೆ ನಿಲ್ಲಿಸುವುದು, ರೈತ ಧಾನ್ಯ ಕೊಡುವುದು. ಊರ ಸುತ್ತಲಿನ ಹೊಲ ಕಪ್ಪಗೆ, ದೂರದ ಹೊಲ ಬಿಳಿಚಿಕೊಂಡು. ನಮ್ಮ ಹಿತ್ತಲ ಹೊಲಕ್ಕೂ ಗುಡ್ಡದ ಹೊಲಕ್ಕೂ ಇರುವ ವ್ಯತ್ಯಾಸವೇ. ಬುರ್ಕಿನಾ ಫಾಸೊ ದೇಶದಲ್ಲಿ ಯಾಕೂಬಾ ಸವಡೊಗೊ ಎಂಬ ರೈತರಿದ್ದರು. 1980ರ ದಶಕದ ಬರದಲ್ಲಿ ಊರವರು ಊರು ಬಿಡುತ್ತಿದ್ದಾಗ ಅವರು ಬೇಸಿಗೆಯಲ್ಲೇ ಬಂಜರು ನೆಲದಲ್ಲಿ ಗುಣಿ ತೋಡಿದರು. ಒಂದೆರಡು ಗೇಣು ಅಗಲ, ಗೇಣಿನೊಳಗೆ ಆಳ. ಗುಣಿಗೆ ಒಂದಿಷ್ಟು ಗೊಬ್ಬರ. ಗೊಬ್ಬರದ ವಾಸನೆಗೆ ಗೆದ್ದಲು ಬಂದು ಗಟ್ಟಿ ನೆಲದಲ್ಲಿ ತೂತು ಕೊರೆಯಿತು, ಆ ತೂತಿನಲ್ಲಿ ಮಳೆ ನೀರು ಇಳಿಯಿತು. ಗೆದ್ದಲಿಗೆ ಕೂಲಿ ಕೊಡದೆ ಉಳುಮೆ ಮಾಡಿಸಿದ ಹಾಗೆ! ಮೊದಲು ಊರವರು ಹುಚ್ಚ ಎಂದರು. ಅವರು ತೀರಿಕೊಂಡದ್ದು 2023ರಲ್ಲಿ, ಅಷ್ಟರಲ್ಲಿ ಆ ಬಂಜರು ಕಾಡಾಗಿತ್ತು. ನಮ್ಮ ಹಾವೇರಿ ಕಡೆಯ ಗುಳಿ ರಾಗಿಯಲ್ಲೂ ಇದೇ ಜಾಣತನ ಇದೆ. ಇರುವ ಗೊಬ್ಬರ ಕಡಿಮೆ, ಹೊಲಕ್ಕೆಲ್ಲ ಎರಚಿದರೆ ಯಾರಿಗೂ ಸಾಲದು. ಬುಡಕ್ಕೇ ಕೊಡು.

ನಾಲೆ ಬಯಲಿನವರು ‘ನಮಗೇನು ಹೇಳಲೇ ಇಲ್ಲ’ ಎಂದುಕೊಳ್ಳಬಹುದು. ನಿಮ್ಮದು ಬೇರೆ ರೋಗ, ಚೌಳು, ಅಂದರೆ ಮಣ್ಣಿನಲ್ಲಿ ಉಪ್ಪು ಸೇರುವುದು. ಬೇಗ ಹೇಳಿ ಮುಗಿಸುತ್ತೇನೆ. ಲೀಟರಿಗೆ ಅರ್ಧ ಗ್ರಾಂ ಉಪ್ಪಿರುವ ಬೋರ್‌ವೆಲ್ ನೀರನ್ನು ವರ್ಷದಲ್ಲಿ ಒಟ್ಟು ಒಂದು ಮೀಟರ್ ಆಳದಷ್ಟು ಹಾಯಿಸಿದರೆ ಎಕರೆಗೆ 2 ಟನ್ ಉಪ್ಪು ಬಿತ್ತು. ನೀರು ಆವಿಯಾಗುತ್ತೆ, ಉಪ್ಪು ಎಲ್ಲಿಗೆ ಹೋಗಬೇಕು? ನಾಲೆ ನೀರಿನಲ್ಲಿ ಉಪ್ಪು ಕಡಿಮೆ. ಅಲ್ಲಿ ತೊಂದರೆ ಬೇರೆ. ವರ್ಷವಿಡೀ ನೀರು ನಿಂತು ಅಂತರ್ಜಲ ಮೇಲೆ ಬಂತು, ಅದರ ಜೊತೆ ತಳದ ಉಪ್ಪೂ ಮೇಲೆ ಬಂತು. ತಗ್ಗಿನ ಗದ್ದೆಯಲ್ಲಿ ಬಿಳಿ ಪೊರೆ ಕಂಡರೆ ಗೊಬ್ಬರ ಸುರಿಯಬೇಡಿ. ಮೊದಲು ಬಸಿಗಾಲುವೆ, ಆಮೇಲೆ ಪರೀಕ್ಷೆ ಮಾಡಿಸಿ ಬೇಕಾದರೆ ಜಿಪ್ಸಂ, ಆಮೇಲೆ ಹಸಿರೆಲೆ ಗೊಬ್ಬರದ ಗಿಡವಾದ ಡಯಾಂಚ ಬೆಳೆದು ಮಣ್ಣಿಗೆ ಸೇರಿಸುವುದು. ಬಸಿಗಾಲುವೆ ಒಬ್ಬರಿಂದ ಆಗುವ ಕೆಲಸವಲ್ಲ, ಕೆಳಗಿನ ಗದ್ದೆಯವನು ಒಪ್ಪಬೇಕು. ಅಲ್ಲೇ ನಿಂತುಹೋಗುತ್ತೆ ಎಷ್ಟೋ ಸಲ.

ಬೆದ್ದಲಿನವರಿಗೆ ನನ್ನಿಂದ ದೊಡ್ಡ ಮಂತ್ರ ಇಲ್ಲ. ಹೊರಗಿನಿಂದ ಬರುತ್ತಿದ್ದ ದಾರಿಗಳಲ್ಲಿ ಯಾವುದು ಇನ್ನೂ ತೆರೆದಿದೆ ನೋಡಿ. ತೆವರಿ ಇನ್ನೂ ನಿಮ್ಮದೇ. ಅದರ ಮೇಲೆ ಗ್ಲಿರಿಸಿಡಿಯಾ ಎನ್ನುವ ಸೊಪ್ಪಿನ ಗೊಬ್ಬರದ ಮರದ ಕಡ್ಡಿ ನೆಟ್ಟರೆ ಎರಡು ಮೂರು ವರ್ಷದಲ್ಲಿ ಸೊಪ್ಪು ಕೊಯ್ಯಬಹುದು, ಆಡು ತಿನ್ನದಂತೆ ಮೊದಲ ವರ್ಷ ಕಾಯಬೇಕು ಅಷ್ಟೆ. ಅದರ ಬೇರು ತೆವರಿಯನ್ನೂ ಹಿಡಿಯುತ್ತೆ. ಹೊಂಗೆ ನಿಧಾನ, ಆದರೆ ಮೊಮ್ಮಕ್ಕಳ ಕಾಲಕ್ಕೂ ಇರುತ್ತೆ. ಇಳಿಜಾರಿಗೆ ಅಡ್ಡವಾಗಿ ಉಳುಮೆ ಮಾಡಿ. ಟ್ರಾಕ್ಟರ್‌ನವನು ಉದ್ದುದ್ದ ಹೊಡೆಯುತ್ತೇನೆ, ಬೇಗ ಮುಗಿಯುತ್ತೆ ಎನ್ನುತ್ತಾನೆ. ಅವನ ಡೀಸೆಲ್ ಉಳಿಯುತ್ತೆ, ನಿಮ್ಮ ಕೆನೆ ಹೋಗುತ್ತೆ. ಗೊಬ್ಬರದ ಗುಡ್ಡೆಯನ್ನು ಹೊಲದಲ್ಲಿ ತಿಂಗಳುಗಟ್ಟಲೆ ಬಿಸಿಲಿಗೆ ಒಣಗಲು ಬಿಡಬೇಡಿ. ಹರಡಿದ ದಿನವೇ ಮಣ್ಣಿಗೆ ಸೇರಿಸಿ.

ಒಂದು ಮಾತು ಮಾತ್ರ ಮೋಸವಿಲ್ಲದೆ ಹೇಳಬೇಕು. ಎಕರೆಯ ಮೇಲಿನ ಅರ್ಧ ಅಡಿ ಮಣ್ಣು 900 ಟನ್ ತೂಗುತ್ತೆ. ಅದರಲ್ಲಿ ಇಂಗಾಲವನ್ನು 0.3ರಿಂದ 0.5ಕ್ಕೆ ಏರಿಸಬೇಕು ಎಂದರೆ ಹತ್ತಿರ ಹತ್ತಿರ 2 ಟನ್ ಇಂಗಾಲ ನೆಲದಲ್ಲಿ ಉಳಿಯಬೇಕು. 3 ಟನ್ ಕೊಟ್ಟಿಗೆ ಗೊಬ್ಬರದಲ್ಲಿ ಇರುವುದು ಅರ್ಧ ಟನ್ ಆಸುಪಾಸು, ಅದರಲ್ಲೂ ಹೆಚ್ಚಿನದು ಒಂದೆರಡು ವರ್ಷದಲ್ಲಿ ಉರಿದುಹೋಗುತ್ತೆ. ಹಾಗಾಗಿ ‘ನಮ್ಮ ಬಾಟಲಿ ಹಾಕಿ, ಮೂರು ವರ್ಷದಲ್ಲಿ ಇಂಗಾಲ 1 ಆಗುತ್ತೆ’ ಎಂದು ಯಾರಾದರೂ ಬಂದರೆ ಕಾಫಿ ಕೊಟ್ಟು ಕಳಿಸಿ.

---

ಆಮೇಲೆ ಪ್ರಶ್ನೆಗಳು.

ಒಬ್ಬ ಯುವಕರು ಕೇಳಿದರು: ‘ಸಾರ್, ಹಾಗಾದ್ರೆ ಜೀವಾಮೃತ ಸುಳ್ಳಾ?’

ಸುಳ್ಳು ಎನ್ನಲಾರೆ. 200 ಲೀಟರ್ ನೀರಿಗೆ 10 ಕೆಜಿ ಸಗಣಿ, ಗಂಜಲ, ಬೆಲ್ಲ, ದ್ವಿದಳದ ಹಿಟ್ಟು. ಅದರಲ್ಲಿರುವ ಸಾರಜನಕ ಕೂಡಿಸಿದರೆ ಕಾಲು ಕೆಜಿ ಬಂದರೆ ಹೆಚ್ಚು. ಎಕರೆ ರಾಗಿಗೆ ಅದು ಊಟ ಆಗಲ್ಲ. ಹೆಪ್ಪು ಎಂದುಕೊಳ್ಳಿ. ಹೆಪ್ಪು ಹಾಕಲು ಪಾತ್ರೆಯಲ್ಲಿ ಹಾಲಿರಬೇಕು ಅಲ್ವಾ? ನೆಲದ ಮೇಲೆ ಸೊಪ್ಪು, ತರಗು ಮುಚ್ಚಿಗೆ ಇದ್ದು ಅದರ ಮೇಲೆ ಬಿದ್ದರೆ ಒಂದು ಮಾತು. ಬೋಳು ನೆಲಕ್ಕೆ ಚಿಮುಕಿಸಿದರೆ ಇನ್ನೊಂದು ಮಾತು.

ಹಿಂದಿನ ಸಾಲಿನಿಂದ ಒಬ್ಬ ಅಕ್ಕ ಕೇಳಿದರು: ‘ನಮ್ದು ಎರಡೇ ಹಸ, ಅದೂ ಸೀಮೆ ಹಸ. ಮೇಯಕ್ಕೆ ಬಿಡಲ್ಲ. ನೀವು ಹೇಳೋ ಲೆಕ್ಕ ನಮಗೆ ಹೆಂಗೆ ಬತ್ತದೆ?’

ಬಹಳ ಒಳ್ಳೆಯ ಪ್ರಶ್ನೆ, ಅಕ್ಕ. ಕಟ್ಟಿ ಮೇಯಿಸುವ ಹಸುವಿನ ಸಗಣಿಯೆಲ್ಲ ಮನೆಯಲ್ಲೇ ಸಿಗುತ್ತೆ, ನಾಟಿ ಹಸುವಿಗಿಂತ ಜಾಸ್ತಿಯೇ. ನೀವು ಅಂಗಡಿಯಿಂದ ತರುವ ಬೂಸಾ, ಹಿಂಡಿ ಇದೆಯಲ್ಲ, ಅದು ಬೇರೆ ಯಾರದೋ ಹೊಲದ ಸತ್ವ. ಈಗ ನಿಮ್ಮ ಗೋಮಾಳ ಅಂಗಡಿಯಲ್ಲಿದೆ, ದುಡ್ಡು ಕೊಟ್ಟು ಕೊಳ್ಳುತ್ತಿದ್ದೀರಿ. ಹಾಗಾಗಿ ಆ ಗಂಜಲವನ್ನು ಚರಂಡಿಗೆ ಬಿಟ್ಟರೆ ಕೊಂಡು ತಂದದ್ದನ್ನೇ ಚೆಲ್ಲಿದ ಹಾಗೆ. ಕೊಟ್ಟಿಗೆ ಮೂಲೆಯಲ್ಲಿ ಒಂದು ಗುಂಡಿ, ಅದರಲ್ಲಿ ರಾಗಿ ಕೂಳೆ, ತೆಂಗಿನ ಗರಿ ಕೊಚ್ಚಿದ್ದು, ಕಸ. ಗಂಜಲ ಅಲ್ಲಿಗೆ ಹರಿಯಲಿ.

ಕೊನೆಗೆ ಮುಂದಿನ ಸಾಲಿನಲ್ಲಿದ್ದ ಯಜಮಾನರು ಎದ್ದರು. ಅವರು ಮಾತಿನುದ್ದಕ್ಕೂ ಲೋಟಗಳನ್ನೇ ನೋಡುತ್ತಿದ್ದರು. ‘ಗೋಡು ಎಕ್ರೆಗೆ ಎಷ್ಟು ಲೋಡು ಹೊಡಿಬೇಕು? ಎಲ್ಲಾ ಕೆರೆದೂ ಆಯ್ತದಾ?’

ಎಲ್ಲಾ ಕೆರೆಯದೂ ಆಗಲ್ಲ, ಯಜಮಾನ್ರೇ. ಪಟ್ಟಣದ ಚರಂಡಿ ಬೀಳುವ ಕೆರೆಯದು ಬೇಡ. ಬಿಳಿ ಪೊರೆ ಕಟ್ಟಿದ ಕೆರೆಯದು ಬೇಡ. ಏನೇ ಆದರೂ ಮೊದಲು ಅರ್ಧ ಕೆಜಿ ತಂದು ಪರೀಕ್ಷೆ ಮಾಡಿಸಿ, ಉಪ್ಪು ಎಷ್ಟಿದೆ, ಪಿಎಚ್ ಎಷ್ಟಿದೆ ನೋಡೋಣ. ನಿಮ್ಮದು ಮರಳು ಮಿಶ್ರಿತ ಕೆಂಪು ಮಣ್ಣಾದರೆ ಎಕರೆಗೆ ಹತ್ತು ಹದಿನೈದು ಲೋಡು ಒಂದು ವರ್ಷಕ್ಕೆ ಧಾರಾಳ. ಒಂದೇ ಸಲ ಐವತ್ತು ಹೊಡೆದರೆ ಮಣ್ಣು ಅಂಟುತ್ತೆ, ಎರಡು ವರ್ಷ ಉಳಲು ಕಷ್ಟ. ಗೊಬ್ಬರ ಹೊಲಕ್ಕೆ ಹೊಡೆಯುವುದಿದ್ದರೆ ಅದರ ಜೊತೆಗೇ ಹೊಡೆಯಿರಿ, ಎರಡೂ ಬೆರೆತರೆ ಒಳ್ಳೆಯದು. ಪಂಚಾಯಿತಿಯಲ್ಲಿ ಈಗಲೇ ಕೇಳಿಕೊಳ್ಳಿ, ಕೆರೆ ತಳ ಒಣಗುವುದು ಮಾರ್ಚ್ ಏಪ್ರಿಲ್‌ಗೆ. ಮೇ ತಿಂಗಳ ಮುಂಗಾರು ಹನಿ ಬಿದ್ದ ಮೇಲೆ ಕೆರೆಗೆ ಟ್ರಾಕ್ಟರ್ ಇಳಿಯಲ್ಲ. ಇಳಿದರೂ ಹತ್ತಲ್ಲ.